ರೋಮ್ ಚಕ್ರವರ್ತಿಗಳು ನಿಜಕ್ಕೂ ಹುಚ್ಚರಾಗಿದ್ದರೇ? ಪಿಟೀಲು, ಕುದುರೆ ಮತ್ತು ಸಿನಿಮಾ ಕಥೆಗಳ ಅಸಲಿಯತ್ತು

‘ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ.’ ಈ ಮಾತು ಕೇಳದ ಕನ್ನಡಿಗರು ಕಡಿಮೆ. ಊರಿಗೆ ನೆರೆ ಬಂದು ಮಂತ್ರಿಗಳು ತಡವಾಗಿ ಬಂದರೆ ಸಾಕು, ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ನೀರೋ ಮತ್ತೆ ಪಿಟೀಲು ಹಿಡಿಯುತ್ತಾನೆ. ಅದರ ಜೊತೆಗೆ ಸುತ್ತುವ ಇನ್ನೊಂದು ಕಥೆ: ಕ್ಯಾಲಿಗುಲಾ ಎಂಬ ಹುಚ್ಚು ದೊರೆ ತನ್ನ ಕುದುರೆಯನ್ನೇ ಮಂತ್ರಿ ಮಾಡಿದ್ದನಂತೆ. ಸಿನಿಮಾ ಮತ್ತು ವೆಬ್ ಸರಣಿಗಳಲ್ಲೂ ರೋಮ್ ದೊರೆ ಎಂದರೆ ಕಣ್ಣು ಕೆಂಪಾದ, ಕಾರಣವಿಲ್ಲದೆ ನಗುವ ಮನುಷ್ಯ. ಇದರಲ್ಲಿ ನಿಜವೆಷ್ಟು? ಒಂದೊಂದಾಗಿ ನೋಡೋಣ.

ನೀರೋ ಪಿಟೀಲು ಬಾರಿಸಿದನೇ?

ಖಂಡಿತ ಇಲ್ಲ. ಪಿಟೀಲು ರೂಪುಗೊಂಡದ್ದು 16ನೇ ಶತಮಾನದಲ್ಲಿ. ರೋಮ್‌ಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈನಲ್ಲಿ. ನೀರೋ ನುಡಿಸುತ್ತಿದ್ದುದು ಕಿತಾರಾ ಎಂಬ ತಂತಿವಾದ್ಯ.

ಹಾಗಾದರೆ ಕಥೆ ಹುಟ್ಟಿದ್ದು ಹೇಗೆ? ಬೆಂಕಿ ಬಿದ್ದು ಸುಮಾರು 50 ವರ್ಷಗಳ ನಂತರ ಬರೆದ ಇತಿಹಾಸಕಾರ ಟ್ಯಾಸಿಟಸ್ ಹೇಳುವಂತೆ, ಬೆಂಕಿ ಹೊತ್ತಿದಾಗ ನೀರೋ ರೋಮ್‌ನಲ್ಲೇ ಇರಲಿಲ್ಲ, ಆಂಟಿಯಮ್ ಎಂಬ ಕಡಲತೀರದ ಊರಿನಲ್ಲಿದ್ದ. ವಾಪಸ್ ಬಂದು ಮನೆ ಕಳೆದುಕೊಂಡವರಿಗೆ ತನ್ನ ತೋಟಗಳನ್ನು ತೆರೆದುಕೊಟ್ಟ, ಧಾನ್ಯದ ಬೆಲೆ ಇಳಿಸಿದ. ಆದರೂ ಬೆಂಕಿಯ ನಡುವೆ ಅವನು ಟ್ರಾಯ್ ನಗರದ ನಾಶದ ಕುರಿತು ಹಾಡಿದನೆಂಬ ‘ಗಾಳಿಸುದ್ದಿ’ ಹಬ್ಬಿತ್ತು ಎನ್ನುತ್ತಾನೆ ಟ್ಯಾಸಿಟಸ್. ಕೆಲವೇ ವರ್ಷಗಳಲ್ಲಿ ಸ್ಯೂಟೋನಿಯಸ್ ಅದನ್ನೇ ನಡೆದ ಘಟನೆ ಎಂಬಂತೆ ಬರೆದ. ಅದಾಗಿ ಸುಮಾರು ನೂರು ವರ್ಷಕ್ಕೆ ಕ್ಯಾಸಿಯಸ್ ಡಿಯೊ, ಹಾಡಿದ್ದು ಅರಮನೆಯ ಚಾವಣಿಯ ಮೇಲೆ ಎಂದ. ಶತಮಾನಗಳ ನಂತರ ಕಿತಾರಾ ಹೋಗಿ ಪಿಟೀಲು ಬಂತು. ‘ಅಂತೆ’ ಎಂಬುದು ‘ಹೌದು’ ಆಗುವುದು ಹೀಗೆ. ಇವತ್ತಿನ ಫಾರ್ವರ್ಡ್‌ಗಳ ದಾರಿಯೂ ಇದೇ.

ಹಾಗೆಂದು ನೀರೋ ಸಂತನಲ್ಲ. ಕ್ರಿ.ಶ. 59ರಲ್ಲಿ ಹೆತ್ತ ತಾಯಿಯನ್ನೇ ಕೊಲ್ಲಿಸಿದ್ದ. ಬೆಂಕಿಯ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಅವರನ್ನು ಭೀಕರವಾಗಿ ಕೊಲ್ಲಿಸಿದನೆಂದೂ ಟ್ಯಾಸಿಟಸ್ ಬರೆದಿದ್ದಾನೆ. ಸುಟ್ಟುಹೋದ ಜಾಗದಲ್ಲಿ ತನಗಾಗಿ ಭಾರಿ ಅರಮನೆ ಕಟ್ಟಿಸಿಕೊಂಡ.

ಕುದುರೆ ಮಂತ್ರಿಯಾಯಿತೇ?

ಇದೂ ಇಲ್ಲ. ಕ್ಯಾಲಿಗುಲಾ ಆಳಿದ್ದು ಕ್ರಿ.ಶ. 37ರಿಂದ 41ರವರೆಗೆ. ಅವನ ಮೆಚ್ಚಿನ ಕುದುರೆ ಇನ್ಸಿಟಾಟಸ್‌ಗೆ ಅಮೃತಶಿಲೆಯ ಲಾಯ, ದಂತದ ಗೋದಲಿ ಇತ್ತೆಂದು ಸ್ಯೂಟೋನಿಯಸ್ ಬರೆಯುತ್ತಾನೆ. ಆದರೆ ಅದನ್ನು ಕಾನ್ಸಲ್ ಎಂಬ ಉನ್ನತ ಹುದ್ದೆಗೆ ನೇಮಿಸಿದ ಎಂದು ಅವನೂ ಹೇಳಿಲ್ಲ. ‘ನೇಮಿಸುವ ಯೋಚನೆ ಇತ್ತಂತೆ’ ಎಂದಷ್ಟೇ ಹೇಳುತ್ತಾನೆ. ಅವನು ಬರೆದದ್ದೇ ಕ್ಯಾಲಿಗುಲಾ ಸತ್ತು ಸುಮಾರು 80 ವರ್ಷಗಳ ನಂತರ.

ಇದು ಸೆನೆಟ್ ಸದಸ್ಯರನ್ನು ಅಣಕಿಸಿದ ಮಾತಾಗಿರಬಹುದು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ‘ನಿಮ್ಮ ಕೆಲಸ ನನ್ನ ಕುದುರೆಯೂ ಮಾಡೀತು’ ಎಂಬ ಧಾಟಿ. ಕ್ರೂರ ಹಾಸ್ಯ ನಿಜ, ಆದರೆ ಹುಚ್ಚಿನ ಪುರಾವೆಯಲ್ಲ.

ಹುಚ್ಚ ಎಂದವರು ಯಾರು?

ನಮಗೆ ಸಿಕ್ಕಿರುವ ಬರಹಗಳಲ್ಲಿ ಹೆಚ್ಚಿನವು ರೋಮ್‌ನ ಮೇಲ್ವರ್ಗದವು. ಈ ದೊರೆಗಳಿಂದ ಅವಮಾನ, ಆಸ್ತಿ ಜಪ್ತಿ, ಮರಣದಂಡನೆ ಅನುಭವಿಸಿದ್ದು ಅದೇ ವರ್ಗ. ದೊರೆ ಕೊಲೆಯಾದ ಮೇಲೆ ಅವನನ್ನು ಎಷ್ಟು ಕೆಟ್ಟದಾಗಿ ಚಿತ್ರಿಸಿದರೆ ಮುಂದಿನವನಿಗೆ ಅಷ್ಟು ಅನುಕೂಲ. ಟ್ಯಾಸಿಟಸ್ ಬರೆದದ್ದರಲ್ಲಿ ಕ್ಯಾಲಿಗುಲಾ ಆಳ್ವಿಕೆಯ ಭಾಗವೇ ಕಳೆದುಹೋಗಿದೆ.

ಕ್ಯಾಲಿಗುಲಾನನ್ನು ಕಣ್ಣಾರೆ ಕಂಡು ಬರೆದವರಲ್ಲಿ ಅಲೆಕ್ಸಾಂಡ್ರಿಯಾದ ಯಹೂದಿ ಚಿಂತಕ ಫಿಲೋ ಒಬ್ಬ. ತನ್ನ ಜನರ ದೂರು ಹೊತ್ತು ಹೋದವನು. ಅವನು ಚಿತ್ರಿಸುವ ದೊರೆ ಅಹಂಕಾರಿ. ಕೋಣೆಯಿಂದ ಕೋಣೆಗೆ ಓಡಾಡುತ್ತಾ ರಿಪೇರಿ ಕೆಲಸಕ್ಕೆ ಆದೇಶ ಕೊಡುತ್ತಾನೆ, ನಡುವೆ ‘ನೀವೇಕೆ ಹಂದಿ ಮಾಂಸ ತಿನ್ನುವುದಿಲ್ಲ?’ ಎಂದು ಕೆಣಕುತ್ತಾನೆ. ನೋವು ತಿಂದವನ ಬರಹ ಇದು. ಆದರೂ ಇಲ್ಲಿ ಕಾಣುವುದು ತಾನು ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿರುವ ವ್ಯಕ್ತಿ.

ಸಿನಿಮಾ ಸೇರಿಸಿದ್ದೇನು?

2000ರ ‘ಗ್ಲಾಡಿಯೇಟರ್’ ಚಿತ್ರದಲ್ಲಿ ಕೊಮೊಡಸ್ ತಂದೆ ಮಾರ್ಕಸ್ ಆರೇಲಿಯಸ್‌ನನ್ನು ಉಸಿರುಗಟ್ಟಿಸಿ ಕೊಂದು ಪಟ್ಟಕ್ಕೇರುತ್ತಾನೆ, ಕೊನೆಗೆ ಅಖಾಡದಲ್ಲಿ ಸಾಯುತ್ತಾನೆ. ವಾಸ್ತವದಲ್ಲಿ ಅವನು ಕ್ರಿ.ಶ. 177ರಿಂದಲೇ ತಂದೆಯ ಜೊತೆ ಸಹ ಚಕ್ರವರ್ತಿ. ತಂದೆಯ ನಂತರ 12 ವರ್ಷ ಆಳಿ, 192ರ ಕೊನೆಯ ದಿನ ಕುಸ್ತಿಪಟುವೊಬ್ಬನ ಕೈಯಲ್ಲಿ ಕತ್ತು ಹಿಸುಕಿಸಿಕೊಂಡು ಸತ್ತ.

ಅವನು ಅಖಾಡಕ್ಕಿಳಿಯುತ್ತಿದ್ದುದು ಮಾತ್ರ ನಿಜ. ಸೆನೆಟ್ ಸದಸ್ಯನಾಗಿದ್ದ ಡಿಯೊ ಅದನ್ನು ಎದುರಿಗೇ ಕುಳಿತು ನೋಡಿದ್ದ. ಕೊಮೊಡಸ್ ಉಷ್ಟ್ರಪಕ್ಷಿಯ ತಲೆ ಕತ್ತರಿಸಿ, ‘ನಿಮ್ಮ ಗತಿಯೂ ಇದೇ’ ಎಂಬಂತೆ ಸದಸ್ಯರತ್ತ ಹಿಡಿದನಂತೆ. ಡಿಯೊಗೆ ಭಯಕ್ಕಿಂತ ನಗು ಬಂತು. ನಕ್ಕರೆ ಜೀವ ಹೋದೀತೆಂದು ತಲೆಯ ಮೇಲಿದ್ದ ಮಾಲೆಯ ಎಲೆ ಕಿತ್ತು ಜಗಿದನಂತೆ.

2024ರ ‘ಗ್ಲಾಡಿಯೇಟರ್ 2’ರಲ್ಲಿ ಕ್ಯಾರಕಲಾ ತನ್ನ ಸಾಕು ಕೋತಿಯನ್ನು ಕಾನ್ಸಲ್ ಮಾಡುತ್ತಾನೆ. ಕ್ಯಾಲಿಗುಲಾನ ಕುದುರೆಯೇ ಇಲ್ಲಿ ಕೋತಿಯಾಗಿದೆ! ನಿಜವಾದ ಕ್ಯಾರಕಲಾ ತಮ್ಮನನ್ನು ಕೊಲ್ಲಿಸಿದವನು. ಆದರೆ ಕ್ರಿ.ಶ. 212ರಲ್ಲಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೆ ಪೌರತ್ವ ಕೊಟ್ಟವನೂ ಅವನೇ.

ಸೀಸದ ನೀರು ಕುಡಿದು ತಲೆ ಕೆಟ್ಟಿತೇ?

ಇದು ‘ವೈಜ್ಞಾನಿಕ’ ಫಾರ್ವರ್ಡ್. ರೋಮ್‌ನಲ್ಲಿ ಸೀಸದ ಕೊಳವೆಗಳಿದ್ದದ್ದು ನಿಜ. ನಲ್ಲಿ ನೀರಿನಲ್ಲಿ ಸೀಸ ಸ್ಥಳೀಯ ಚಿಲುಮೆಗಳ ನೀರಿಗಿಂತ ಸುಮಾರು 100 ಪಟ್ಟು ಹೆಚ್ಚಿತ್ತೆಂದು 2014ರ ಅಧ್ಯಯನವೊಂದು ಕಂಡುಕೊಂಡಿತು. ಆದರೆ ಅದು ಅಪಾಯ ತರುವಷ್ಟಿರಲಿಕ್ಕಿಲ್ಲ ಎಂದೂ ಅದೇ ಅಧ್ಯಯನ ಹೇಳಿದೆ. ಅದೇ ನಗರದ ನೀರು ಕುಡಿದ ವೆಸ್ಪೇಸಿಯನ್‌ನನ್ನು ಯಾರೂ ಹುಚ್ಚನೆನ್ನಲಿಲ್ಲ ಎಂಬುದನ್ನೂ ಗಮನಿಸಿ.

ಕ್ಯಾಲಿಗುಲಾನಿಗೆ ಮೂರ್ಛೆರೋಗ, ಥೈರಾಯ್ಡ್ ಎಂದೆಲ್ಲ ಊಹಿಸಿದವರಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 1973ರಿಂದಲೇ ಒಂದು ನಿಯಮ ಪಾಲಿಸುತ್ತಿದೆ: ತಾನು ಪರೀಕ್ಷಿಸದ ಸಾರ್ವಜನಿಕ ವ್ಯಕ್ತಿಯ ಮನಸ್ಥಿತಿ ಬಗ್ಗೆ ವೈದ್ಯರು ತೀರ್ಪು ಕೊಡಬಾರದು. ಬದುಕಿರುವವರಿಗೇ ಹೀಗಾದರೆ, 2000 ವರ್ಷ ಹಿಂದೆ ಸತ್ತವರಿಗೆ ಶತ್ರುಗಳ ಬರಹ ಓದಿ ಕಾಯಿಲೆ ಹೆಸರಿಸುವುದು ಹೇಗೆ?

ಇದು ಇಂದಿಗೇಕೆ ಮುಖ್ಯ?

ಮಾನಸಿಕ ಕಾಯಿಲೆ ಮತ್ತು ಕ್ರೌರ್ಯ ಒಂದೇ ಅಲ್ಲ. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರಿಗೂ ಹಿಂಸೆ ಮಾಡುವುದಿಲ್ಲ, ಬದಲಿಗೆ ಅವರೇ ಹಿಂಸೆಗೆ ಒಳಗಾಗುವ ಸಾಧ್ಯತೆ ಹೆಚ್ಚು. ಪ್ರತಿ ಕ್ರೂರ ದೊರೆಯನ್ನೂ ‘ಹುಚ್ಚ’ ಎಂದಾಗ ಆ ಕಳಂಕ ತಟ್ಟುವುದು ದೊರೆಗಲ್ಲ, ಮನೋವೈದ್ಯರ ಬಳಿ ಹೋಗಲು ಹಿಂಜರಿಯುವ ನಮ್ಮ ಅಕ್ಕಪಕ್ಕದವರಿಗೆ.

ಇನ್ನೊಂದು ನಷ್ಟವೂ ಇದೆ. ‘ಹುಚ್ಚ’ ಎಂದರೆ ಕಥೆ ಮುಗಿಯಿತು. ಆದೇಶ ಪಾಲಿಸಿದ ಸೈನಿಕರು, ಹೊಗಳಿದ ಆಸ್ಥಾನಿಕರು, ಲೆಕ್ಕ ಕೇಳುವವರಿಲ್ಲದ ಅಧಿಕಾರ, ಇವೆಲ್ಲ ಮರೆಯಾಗುತ್ತವೆ.

ಆದ್ದರಿಂದ ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಬರೆದವರು ಯಾರು? ಘಟನೆ ನಡೆದು ಎಷ್ಟು ಕಾಲದ ನಂತರ? ಮೂಲದಲ್ಲಿ ಇದ್ದದ್ದು ‘ಹೌದು’ ಎಂದೋ, ‘ಅಂತೆ’ ಎಂದೋ? ಉತ್ತರ ಸಿಗದಿದ್ದರೆ ಫಾರ್ವರ್ಡ್ ಬಟನ್ ಒತ್ತಬೇಡಿ.