ಮಿತ್ರಕೀಟಕ್ಕೊಂದು ಸರಿಯಾದ ಹೆಸರು

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ದೊರೆತ ಶಾಸನದ ಮಹತ್ವ ಚರಿತ್ರೆ ಓದಿದವರಿಗೆಲ್ಲ ತಿಳಿದದ್ದೇ. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದುದನ್ನು, ಆ ಹೆಸರನ್ನೇ ಹೊತ್ತಿದ್ದ ಈ ಶಾಸನ ದೃಢಪಡಿಸಿತು. ಅದೇ ಮಸ್ಕಿಯಿಂದ ನೆರೆಯ ಸಿಂಧನೂರು ತಾಲ್ಲೂಕಿನ ಸಾಲಗುಂದದವರೆಗಿನ ಹೊಲಗಳಲ್ಲಿ ಹರಿದಾಡುವ ಕೀಟಗಳ ವಿಷಯದಲ್ಲಿಯೂ ಹೆಸರಿನ ಪ್ರಶ್ನೆ ಕ್ಷುಲ್ಲಕವಲ್ಲ. ಅದನ್ನು ಕೇಳುವವರು ಮಾತ್ರ ವಿರಳ.

ಬಲೆಯಂತೆ ನರಗಳು ಹೆಣೆದುಕೊಂಡ ಪಾರದರ್ಶಕ ರೆಕ್ಕೆಗಳ, ಹೊಂಬಣ್ಣದ ಕಣ್ಣುಗಳ ತಿಳಿಹಸಿರು ಕೀಟವೊಂದು ರಾತ್ರಿ ದೀಪದ ಬಳಿ ಬಂದು ಕೂರುವುದನ್ನು ಅನೇಕರು ಕಂಡಿರಬಹುದು. ಕೃಷಿ ವಿಜ್ಞಾನಿಗಳಿಗೆ ಇದು ಕ್ರೈಸೊಪರ್ಲಾ. ಕೂದಲೆಳೆಯಂತಹ ದಂಟಿನ ತುದಿಗೆ ಒಂದೊಂದೇ ಮೊಟ್ಟೆಯಿಡುವುದು ಇದರ ಕ್ರಮ. ಮೊಟ್ಟೆಯೊಡೆದು ಬರುವ ಮರಿಹುಳು ಕುಡುಗೋಲಿನಂತಹ ದವಡೆಗಳಿಂದ ಸಸ್ಯಹೇನು, ಬಿಳಿನೊಣ, ಹಿಟ್ಟುತಿಗಣೆಗಳನ್ನು ಚುಚ್ಚಿ ರಸ ಹೀರುತ್ತದೆ. ಹಸಿವಾದರೆ ಒಡಹುಟ್ಟಿದವರನ್ನೂ ಬಿಡದು! ಹತ್ತಿ ಬೆಳೆಯುವ ಸೀಮೆಗೆ ಇಂತಹ ಹೊಟ್ಟೆಬಾಕ ನೆಂಟ ಬೇಕಾದವನೇ. ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಮೊಟ್ಟೆಗಳನ್ನು ಉಣಿಸಿ ಇದನ್ನು ಬೆಳೆಸಿ ಹೊಲಗಳಿಗೆ ಬಿಡುವ ಪದ್ಧತಿಯೂ ಇದೆ.

ಇಷ್ಟು ಉಪಕಾರಿಯಾದ ಕೀಟವನ್ನು ನಮ್ಮ ಕೃಷಿ ಸಾಹಿತ್ಯ ದಶಕಗಳ ಕಾಲ ತಪ್ಪು ಹೆಸರಿನಿಂದ ಕರೆಯಿತು. ಯುರೋಪಿನ ಕೀಟವೊಂದಕ್ಕೆ 1836ರಲ್ಲಿ ಇಟ್ಟ ‘ಕಾರ್ನಿಯಾ’ ಎಂಬ ಹೆಸರನ್ನೇ ಇಲ್ಲಿನದಕ್ಕೂ ಅಂಟಿಸಲಾಗಿತ್ತು. ಎರಡೂ ಕಣ್ಣಿಗೆ ಒಂದೇ ಬಗೆ. ರೆಕ್ಕೆ, ಬಣ್ಣಗಳಿಂದ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಅವುಗಳನ್ನು ಬೇರ್ಪಡಿಸಿದ್ದು ಹಾಡು. ಈ ಕೀಟಗಳು ಹೊಟ್ಟೆಯನ್ನು ಕಂಪಿಸಿ, ಆ ಕಂಪನವನ್ನು ಎಲೆ, ಕಾಂಡಗಳ ಮೂಲಕ ಸಂಗಾತಿಗೆ ತಲುಪಿಸುತ್ತವೆ. ನಮ್ಮ ಕಿವಿಗೆ ಅದು ಕೇಳಿಸದು. ತನ್ನ ಜಾತಿಯ ಲಯಕ್ಕಷ್ಟೇ ಮರುದನಿ ಕೊಡುವುದು ಅವುಗಳ ರೀತಿ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆನ್ರಿ, ಬೆಂಗಳೂರಿನ ಟಿ. ವೆಂಕಟೇಶನ್ ಮತ್ತಿತರರು ಈ ಹಾಡುಗಳನ್ನು ದಾಖಲಿಸಿ, ಭಾರತದ ಬೆಳೆಗಳ ಮೇಲಿನ ಪ್ರಮುಖ ಕ್ರೈಸೊಪರ್ಲಾ ‘ಜಾಸ್ಟ್ರೋವಿ ಸಿಲೆಮಿ’ ಎಂದು 2010ರಲ್ಲಿ ತೋರಿಸಿದರು. ದಕ್ಷಿಣ ಆಫ್ರಿಕದ ಕೀಟ ಇದರ ನಿಕಟ ಬಂಧು; ಯುರೋಪಿನದು ಬೇರೆಯೇ.

ಹೆಸರು ಬದಲಾದರೆ ರೈತನಿಗೇನು ಎಂದು ಕೇಳಬಹುದು. ಹೆಸರು ತಪ್ಪಿದರೆ ತಂಪು ದೇಶದ ಕೀಟದ ಜೀವನಚಕ್ರವನ್ನು ರಾಯಚೂರಿನ ಬಿಸಿಲಿನ ಕೀಟದ್ದೆಂದು ನಂಬಬೇಕಾಗುತ್ತದೆ. ಯಾವ ಔಷಧಿಯನ್ನು ಅದು ತಾಳಬಲ್ಲದು, ಯಾವ ಕಾಲಕ್ಕೆ ಬಿಟ್ಟರೆ ಉಳಿದೀತು ಎಂಬ ಸಲಹೆಗಳೆಲ್ಲ ಆ ನಂಬಿಕೆಯ ಮೇಲೆ ನಿಲ್ಲುತ್ತವೆ.

ಹೆಸರು ಗೊತ್ತಿದ್ದುದರಿಂದ ಆದ ಲಾಭಕ್ಕೂ ಉತ್ತರ ಕರ್ನಾಟಕದಲ್ಲೇ ನಿದರ್ಶನವಿದೆ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯಿಂದ ನಮ್ಮ ಕಬ್ಬಿನ ಗದ್ದೆಗಳಿಗೆ ಬಿಳಿ ಉಣ್ಣೆ ಹೇನು ವ್ಯಾಪಿಸಿತು. ಬೆಳೆ ಎತ್ತರವಾಗಿ ದಟ್ಟೈಸಿದ ಮೇಲೆ ಅದರೊಳಗೆ ನುಗ್ಗಿ ಔಷಧಿ ಹೊಡೆಯುವುದು ಆಗದ ಮಾತು. ಆಗ ನೆರವಾದ ಕೀಟಗಳಲ್ಲಿ ‘ಮೈಕ್ರೋಮಸ್ ಇಗೊರೋಟಸ್’ ಎಂಬ ಕಂದು ಬಣ್ಣದ ಬಲೆರೆಕ್ಕೆಯ ಕೀಟವೂ ಒಂದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದನ್ನು ಬೆಳೆಸಿ ಗದ್ದೆಗಳಿಗೆ ಬಿಡಿಸಿತು. ಎಲ್ಲೋ ಯಾರೋ ಬಹಳ ಹಿಂದೆ ಆ ಕೀಟವನ್ನು ವರ್ಣಿಸಿ ಇಟ್ಟಿದ್ದರೆಂಬುದನ್ನು ಆಗ ಯಾರೂ ನೆನೆಯಲಿಲ್ಲ.

ಹೊಸ ಪ್ರಭೇದ ಪತ್ತೆಯಾದರೆ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಹಳೆಯ ತಪ್ಪು ತಿದ್ದಿದವರ ಸುದ್ದಿ ಬರುವುದಿಲ್ಲ. ಹೊಸ ಹೆಸರುಗಳ ರಾಶಿಯೇ ಸಾಧನೆಯಲ್ಲ. ಈ ಕೀಟವರ್ಗದಲ್ಲಿ ಅಪಾರ ಸಂಖ್ಯೆಯ ಪ್ರಭೇದಗಳನ್ನು ವರ್ಣಿಸಿದ ಸ್ಪೇನಿನ ಪಾದ್ರಿ ಲಾಂಜಿನೋಸ್ ನವಾಸ್ ಅವರ ಅನೇಕ ಹೆಸರುಗಳು ಆಗಲೇ ಇದ್ದ ಕೀಟಗಳಿಗೆ ಕೊಟ್ಟ ಎರಡನೆಯ ಹೆಸರುಗಳೆಂದು ಮುಂದೆ ತಿಳಿಯಿತು. ಹೊಸದೆಂದು ಸಾರುವ ಮೊದಲು ಹಳೆಯ ಮಾದರಿಗಳೊಡನೆ ಹೋಲಿಸಬೇಕು, ಜನನಾಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು, ಒಂದು ಮಾದರಿಯನ್ನು ಆ ಹೆಸರಿನ ಸಾಕ್ಷಿಯಾಗಿ ಶಾಶ್ವತವಾಗಿ ಕಾಪಿಡಬೇಕು. ಹೊಸ ಪ್ರಭೇದ ಕಂಡುಹಿಡಿದವರು ಅದರ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕೆಂದು 2002ರ ಜೀವವೈವಿಧ್ಯ ಕಾಯ್ದೆಯೂ ವಿಧಿಸುತ್ತದೆ. ವರ್ಷಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಎರಡು ಮೂರು ವರ್ಷದ ಯೋಜನೆಗಳ ಅನುದಾನ ಹೊಂದುವುದಿಲ್ಲ. ಯೋಜನೆ ಮುಗಿದೊಡನೆ ಕಲಿತ ಹುಡುಗ ಬೇರೆ ನೌಕರಿ ಹುಡುಕುತ್ತಾನೆ. ಪೆಟ್ಟಿಗೆಯೊಳಗಿನ ಮಾದರಿಗಳು ಇರುವೆಯ ಪಾಲಾಗುತ್ತವೆ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಕಣಜವಾಗಿಸಿತು. ಅದರೊಂದಿಗೆ ಸಿಂಪರಣೆಯೂ ಬಂತು. ವೈರಿ, ಮಿತ್ರ ಎಂಬ ಭೇದ ಔಷಧಿಗೆ ತಿಳಿಯದು. ಕಾಲುವೆಯ ನೀರು ತಲುಪದ ಲಿಂಗಸುಗೂರು, ಮಸ್ಕಿಗಳ ಖುಷ್ಕಿ ಹೊಲಗಳಲ್ಲಿ, ಕಲ್ಲುಗುಡ್ಡಗಳ ಕುರುಚಲಿನಲ್ಲಿ ಇನ್ನೇನು ಉಳಿದಿದೆಯೆಂದು ನೋಡಿ ಬರೆದಿಡುವ ಹೊಣೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಒಂದರದ್ದೇ ಆಗಬಾರದು. ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯವಿದೆ. ಕೀಟ ವರ್ಗೀಕರಣಕ್ಕೆಂದೇ ಮೀಸಲಾದ ಒಂದೆರಡು ಕಾಯಂ ಹುದ್ದೆ, ಮಾದರಿಗಳನ್ನಿಡಲು ತೇವ ತಾಗದ ಒಂದು ಕೊಠಡಿ, ಸಾಲಗುಂದದಂತಹ ಊರುಗಳಲ್ಲಿ ಮುಂಗಾರಿನಿಂದ ಹಿಂಗಾರಿನವರೆಗೆ ಪ್ರತಿವರ್ಷ ಸಮೀಕ್ಷೆ ನಡೆಸುವಷ್ಟು ಹಣ: ಇಷ್ಟನ್ನು ರಾಜ್ಯ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ಒದಗಿಸಬಹುದು.