ನೀರೊಳಗಿನ ಮಾತು

ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಬಿಗಿದುಕೊಂಡು ಕಡಲಿಗಿಳಿಯುವ ಉತ್ಸಾಹಿಗಳಿಗೆ ಗುರುವು ಮೊದಲು ಕಲಿಸುವುದು ಕೈಸನ್ನೆಯನ್ನು. ನೆಲದ ಮೇಲೆ ಹೆಬ್ಬೆರಳೆತ್ತಿದರೆ ‘ಭೇಷ್’ ಎಂದರ್ಥ. ನೀರಿನಡಿಯಲ್ಲಿ ‘ಮೇಲಕ್ಕೆ ಹೋಗೋಣ’ ಎಂದು! ಅಂಗೈಯನ್ನು ಕೊರಳ ಮುಂದೆ ಕತ್ತಿಯಂತೆ ಆಡಿಸಿದರೆ ‘ಗಾಳಿ ಮುಗಿಯಿತು’ ಎಂಬ ಆರ್ತನಾದ. ಆದರೆ ಸನ್ನೆಯನ್ನು ನೋಡುವ ಕಣ್ಣು ಎದುರಿಗಿರಬೇಕಷ್ಟೆ. ನೀರು ಕದಡಿದ್ದರೆ, ಇಲ್ಲವೆ ಜೊತೆಗಾರನು ಬಣ್ಣದ ಮೀನಿಗೆ ಮರುಳಾಗಿ ಬೆನ್ನು ತಿರುಗಿಸಿದ್ದರೆ, ಆ ಆರ್ತನಾದವನ್ನು ಕೇಳುವವರಾರು?

ಹಿಂದಿನ ಕಾಲದ ಲೋಹದ ಶಿರಸ್ತ್ರಾಣದ ಮುಳುಗುಗಾರನಿಗೆ ಈ ಕೊರತೆಯಿರಲಿಲ್ಲ. ಗಾಳಿಯ ಕೊಳವೆಯೊಡನೆ ಟೆಲಿಫೋನಿನ ತಂತಿಯೂ ಅವನ ಬಳಿಗೆ ಇಳಿಯುತ್ತಿತ್ತು. 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ಎಂಬವರು ‘ಆಕ್ವಾಲಂಗ್’ ಉಪಕರಣವನ್ನು ರೂಪಿಸಿ ಮನುಷ್ಯನನ್ನು ಆ ಬಂಧನದಿಂದ ಬಿಡಿಸಿದರು. ಕೊಳವೆಯೊಡನೆ ತಂತಿಯೂ ಹೋಯಿತು. ಉಸಿರಿನ ಸಾಧನವನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಬಾಯಿ ಮೂಕವಾಯಿತು.

ರೇಡಿಯೋ ಇದೆಯಲ್ಲ ಎನ್ನಬಹುದು. ಉಪ್ಪುನೀರು ವಿದ್ಯುತ್ತಿನ ವಾಹಕವಾದುದರಿಂದ ರೇಡಿಯೋ ಅಲೆಗಳನ್ನು ಬಲುಬೇಗ ನುಂಗಿಬಿಡುತ್ತದೆ. ಶಬ್ದಕ್ಕಾದರೋ ನೀರು ರಾಜಮಾರ್ಗ. 1826ರಲ್ಲಿ ಕೊಲಾಡೋನ್ ಮತ್ತು ಸ್ಟುರ್ಮ್ ಎಂಬವರು ಜಿನೀವಾ ಸರೋವರದಲ್ಲಿ ಇದನ್ನು ಅಳೆದು ನೋಡಿದರು. ರಾತ್ರಿಯಲ್ಲಿ ಒಂದು ದೋಣಿಯ ಬಳಿ ನೀರೊಳಗಿನ ಗಂಟೆ ಮೊಳಗಿತು. ಆ ಕ್ಷಣದಲ್ಲೇ ಮದ್ದಿನ ಪುಡಿ ಹೊತ್ತಿ ಬೆಳಗಿತು. ಸುಮಾರು 13 ಕಿಲೋಮೀಟರು ದೂರದ ದೋಣಿಯಲ್ಲಿದ್ದವನು ಬೆಳಕನ್ನು ಕಂಡು, ನೀರಿಗಿಳಿಬಿಟ್ಟ ಕಹಳೆಗೆ ಕಿವಿಗೊಟ್ಟು ಕಾಲವನ್ನೆಣಿಸಿದನು. ವೇಗ ಸೆಕೆಂಡಿಗೆ 1,435 ಮೀಟರು. ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು!

ಈಗಿನ ತಂತಿಯಿಲ್ಲದ ಮಾತಿನ ಯಂತ್ರವು ಈ ಮಾರ್ಗವನ್ನೇ ಹಿಡಿದಿದೆ. ಮುಖವನ್ನೆಲ್ಲ ಮುಚ್ಚುವ ಮುಖವಾಡದೊಳಗೆ ಬಾಯಿಗೆ ಬಿಡುವು ದೊರೆತು, ಮೈಕು ಮಾತನ್ನು ಹಿಡಿಯುತ್ತದೆ. ಯಂತ್ರವು ಅದನ್ನು ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಕಂಪನದ ಮೇಲೇರಿಸಿ ನೀರಿಗೆ ಬಿಡುತ್ತದೆ. ಹಲವು ಯಂತ್ರಗಳಲ್ಲಿ ಈ ಕಂಪನ ಸೆಕೆಂಡಿಗೆ 32,768. ಕೈಗಡಿಯಾರದ ಕ್ವಾರ್ಟ್ಜ್ ಹರಳಿನ ಮಿಡಿತವೂ ಅಷ್ಟೇ ಎಂಬುದು ಸ್ವಾರಸ್ಯ. ಜೊತೆಗಾರನ ಯಂತ್ರವು ಅದನ್ನು ಮತ್ತೆ ಮಾತಾಗಿ ಇಳಿಸಿ ಕಿವಿಗೆ ಮುಟ್ಟಿಸುತ್ತದೆ. ದೋಣಿಯಿಂದಲೂ ಒಂದು ಗ್ರಾಹಕವನ್ನು ನೀರಿಗೆ ಇಳಿಬಿಟ್ಟು ಆಲಿಸಬಹುದು.

ಹರಟೆಮಲ್ಲರಿಗೆ ಮಾತ್ರ ಇದು ಹೇಳಿಸಿದ್ದಲ್ಲ. ಗುಂಡಿಯೊತ್ತಿ ಒಬ್ಬನು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಉಸಿರು ಬಿಟ್ಟರೆ ಗುಳ್ಳೆಗಳ ಗದ್ದಲ. ಬಂಡೆ ಅಡ್ಡಬಂದರೆ ಮಾತು ಅಲ್ಲಿಗೇ ನಿಂತಿತು. ಬಿಸಿನೀರಿನ ಪದರವು ತಣ್ಣೀರಿನ ಪದರವನ್ನು ಸೇರುವೆಡೆ ಶಬ್ದವು ಬಾಗಿ ಬೇರೆಡೆಗೆ ಸರಿಯುತ್ತದೆ. ತಳದಿಂದಲೂ ಮೇಲ್ಮೈಯಿಂದಲೂ ಪ್ರತಿಧ್ವನಿ ಬಂದು ಕಲಸಿಕೊಳ್ಳುತ್ತದೆ. ಆದುದರಿಂದ ‘ಗಾಳಿ ಎಷ್ಟಿದೆ?’ ಎಂಬಂಥ ಚಿಕ್ಕ ವಾಕ್ಯವನ್ನು ಬಿಡಿಸಿ ಬಿಡಿಸಿ ನುಡಿಯುವುದೇ ರೂಢಿ.

ಇನ್ನೊಂದು ತೊಡಕು ಇವೆಲ್ಲಕ್ಕಿಂತ ಗಂಭೀರವಾದುದು. ಗಾಳಿ ಮುಗಿದು ಜೊತೆಗಾರನ ಹೆಚ್ಚುವರಿ ಕೊಳವೆಯನ್ನು ಬಾಯಿಗಿಟ್ಟುಕೊಳ್ಳಬೇಕಾದರೆ, ಸಾಮಾನ್ಯವಾಗಿ ಆ ಮುಖವಾಡವನ್ನೇ ಕಿತ್ತೊಗೆಯಬೇಕು. ಆಗ ಮಾತೂ ಇಲ್ಲ. ಕಣ್ಣಿಗೆ ಉಪ್ಪುನೀರು ನುಗ್ಗಿ ನೋಟವೂ ಮಸುಕು. ಎಂತಲೇ ಬಲ್ಲವರು ಇನ್ನೊಂದು ಸಾಧಾರಣ ಮುಖವಾಡವನ್ನು ಜೊತೆಗೇ ಒಯ್ಯುತ್ತಾರೆ. ಕಣ್ಣು ಮುಚ್ಚಿಕೊಂಡು ಅದನ್ನು ತೊಡುವುದನ್ನು ಈಜುಕೊಳದಲ್ಲಿ ಮತ್ತೆ ಮತ್ತೆ ಅಭ್ಯಾಸಮಾಡಿ, ಆಮೇಲಷ್ಟೇ ಕಡಲಿಗಿಳಿಯುತ್ತಾರೆ.