ಬಡವನ ಕಾರು, ಬಲ್ಲಿದರ ರಸ್ತೆ

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಮ್ಮ ಕಚೇರಿಗೆ ಇಬ್ಬರು ಮಿತ್ರರು ಕೂಡಿ ಬಂದರು. ಒಬ್ಬರು ನೂಲಿನ ಗಿರಣಿಯ ಕಾರ್ಮಿಕರು. ಇನ್ನೊಬ್ಬರು ಅದೇ ಬೀದಿಯಲ್ಲಿ ಸಿದ್ಧ ಉಡುಪಿನ ಸಣ್ಣ ಅಂಗಡಿ ಇಟ್ಟುಕೊಂಡವರು. "ಮೇಷ್ಟ್ರೇ, ಇಬ್ಬರೂ ಸೇರಿ ಒಂದು ಹಳೇ ಕಾರು ತಗೋಬೇಕು ಅಂತ ಮಾಡೀವಿ. ಬೆಂಗಳೂರಾಗೆ ಒಬ್ಬ ದಲ್ಲಾಳಿ ಇದಾನೆ. ನೀವೊಂದು ಮಾತು ಹೇಳ್ರಿ" ಎಂದರು.

ಅವರು ಕೇಳಿದ್ದು ಒಂದು ಮಾತು, ನಾವು ಕೊಟ್ಟದ್ದು ಒಂದು ಭಾಷಣ. ಕಾರೆಂಬುದು ಉಳ್ಳವರ ಒಡವೆ, ದುಡಿಯುವವನು ಆ ಮೋಹಕ್ಕೆ ಬಿದ್ದರೆ ಸಾಲಗಾರನಾಗುತ್ತಾನೆ, ಸರ್ಕಾರಿ ಬಸ್ಸಿರುವಾಗ ಇದೇಕೆ, ಎಂದೆಲ್ಲ ಹೇಳಿದೆವು. ಅಂಗಡಿಯ ಮಿತ್ರರು ತಲೆ ತಗ್ಗಿಸಿ ಕೇಳಿದರು. ಕಾರ್ಮಿಕ ಮಿತ್ರರು ಭಾಷಣ ಮುಗಿಯುವವರೆಗೆ ಕಾದು, "ನಮ್ಮವ್ವನ್ನ ತಿಂಗಳಿಗೆ ಎರಡು ಸಲ ಬೆಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗಬೇಕ್ರಿ. ಔಷಧಿ ಏರಿಸಿದ ಮೇಲೆ ದಾರಿಯುದ್ದಕ್ಕೂ ವಾಂತಿ. ಪಕ್ಕದಾಗೆ ಕುಂತೋರು ಎದ್ದು ಹೋಗ್ತಾರೆ. ಒಂದು ದಿನ ನೀವೂ ಜೊತೆಗೆ ಬರ್ರಿ, ಆಮೇಲೆ ಭಾಷಣ ಮಾಡ್ರಿ" ಎಂದರು.

ನಮಗೆ ಉತ್ತರ ತೋಚಲಿಲ್ಲ. ತಪ್ಪು ನಮ್ಮದೇ ಎಂದು ಒಪ್ಪಿಕೊಂಡು, ಕಾರು ನೋಡಲು ಅವರೊಡನೆ ನಾವೂ ಹೊರಟೆವು. ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ಓದುಗ ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಹಳೆಯ ಕಾರನ್ನು ಇಂದು ಕೊಳ್ಳುತ್ತಿರುವವರು ಷೋಕಿಲಾಲರಲ್ಲ. ದಾವಣಗೆರೆಯ ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು ಸೇರಿದರು. ಸಗಟು ವ್ಯಾಪಾರ ಅಲ್ಲಿ, ದೊಡ್ಡ ಆಸ್ಪತ್ರೆ ಅಲ್ಲಿ, ಉದ್ಯೋಗ ಅಲ್ಲಿ. ಇಲ್ಲಿಂದ ಅಲ್ಲಿಗೆ ಸುಮಾರು ೨೬೦ ಕಿಲೋಮೀಟರು. ಹೊಸ ಕಾರು ಕೊಳ್ಳೋಣವೆಂದರೆ ಐದು ಲಕ್ಷದೊಳಗಿನ ಬೆಲೆಗೆ ನೂರಕ್ಕೆ ೧೩, ಐದರಿಂದ ಹತ್ತು ಲಕ್ಷದವರೆಗೆ ನೂರಕ್ಕೆ ೧೪ರಂತೆ ರಾಜ್ಯದ ಆಜೀವ ತೆರಿಗೆ. ಅದರ ಮೇಲೆ ಸೆಸ್ಸು. ಹೀಗಿರುವಾಗ ಬಡವನ ಪಾಲಿಗೆ ಉಳಿಯುವುದು ಇನ್ನೊಬ್ಬರು ಓಡಿಸಿಬಿಟ್ಟ ಗಾಡಿಯೇ. ಆ ಪೇಟೆಯಲ್ಲಿ ಅವನನ್ನು ಕಾದು ಕುಳಿತವರು ಯಾರು?

ದಲ್ಲಾಳಿ ತೋರಿಸಿದ್ದು ದೆಹಲಿ ನಂಬರಿನ ಒಂದು ಡೀಸೆಲ್ ಕಾರು. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. "ಒಬ್ಬರೇ ಡಾಕ್ಟರು ಓಡಿಸಿದ ಗಾಡಿ" ಎಂದ. ಇಷ್ಟು ಅಗ್ಗವೇಕೆ ಎಂದರೆ ನಕ್ಕ. ಕಾರಣ ಗುಟ್ಟೇನಲ್ಲ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ದೆಹಲಿಯ ರಸ್ತೆಯಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ಆಜ್ಞೆ ಮಾಡಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮುಂದೆ ಆ ಕಟ್ಟಳೆ ಸಡಿಲ ಬಿಗಿ ಆಗುತ್ತ ಬಂದಿದ್ದರೂ ಅಂದಿನಿಂದ ಅಲ್ಲಿಯ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಇಳಿಯುತ್ತಿವೆ. ಅಂಥದನ್ನು ಕೊಂಡವನು ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ತರಿಸಬೇಕು. ಗಾಡಿಯ ವಯಸ್ಸು ನೋಡಿ ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಅದನ್ನೆಲ್ಲ ಕೂಡಿದರೆ ಅಗ್ಗವೆಂಬುದು ಬರೀ ಬಾಯಿಮಾತು. "ನಂಬರ್ ಬದಲಾಯಿಸದೇ ಓಡಿಸಿ, ಯಾರು ಕೇಳ್ತಾರೆ?" ಎಂದು ದಲ್ಲಾಳಿ ಧೈರ್ಯ ಹೇಳಿದ. ದಂಡ ಕಟ್ಟುವವನು ಅವನಲ್ಲವಷ್ಟೆ.

ನಮ್ಮೊಡನೆ ಬಂದಿದ್ದ ಮೆಕ್ಯಾನಿಕ್ ಮಿತ್ರರು ಬಣ್ಣದ ಕಡೆ ನೋಡಲೇ ಇಲ್ಲ. ಕಾಲಡಿಯ ಮ್ಯಾಟು ಎತ್ತಿದರು. ಸೀಟು ಜಾರುವ ಕಂಬಿಗೆ ತುಕ್ಕು. ಸೀಟು ಬೆಲ್ಟನ್ನು ಪೂರ್ತಿ ಹೊರಕ್ಕೆ ಎಳೆದರು. ಒಳತುದಿಯಲ್ಲಿ ಕೆಸರಿನ ಗೆರೆ. ಎಲ್ಲಿಯದೋ ನೆರೆಯಲ್ಲಿ ಮುಳುಗಿ ಎದ್ದ ಗಾಡಿ! ೨೦೨೨ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆ ಕಾರುಗಳು ನೀರಿನಲ್ಲಿ ನಿಂತದ್ದನ್ನು ನಾಡೆಲ್ಲ ನೋಡಿದೆ. ನೀರು ಕುಡಿದ ಗಾಡಿಗೆ ಬಣ್ಣ ಹಚ್ಚಿದರೂ ಒಳಗಿನ ತಂತಿಗಳು ಒಂದೊಂದಾಗಿ ಕೈಕೊಡುತ್ತವೆ. ಮೀಟರು ನಲವತ್ತು ಸಾವಿರ ಕಿಲೋಮೀಟರು ತೋರಿಸುತ್ತಿತ್ತು. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರನ್ನು ತಿರುಗಿಸಲಾಗದು.

ಕೊನೆಗೆ ಗಾಡಿಯ ನಂಬರನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿದಾಗ ಅದರ ಮೇಲೆ ಒಂದು ಫೈನಾನ್ಸಿನ ಸಾಲ ಇನ್ನೂ ದಾಖಲಾಗಿತ್ತು. ಸಾಲ ತೀರಿದ್ದರೆ ಸಾಲ ಕೊಟ್ಟವರ ಪತ್ರವೂ ಅವರ ಸಹಿಯಿರುವ ನಮೂನೆ ೩೫ ಕೂಡ ಇರಬೇಕು. ಇಲ್ಲದಿದ್ದರೆ ನಡುರಸ್ತೆಯಲ್ಲಿ ಗಾಡಿ ಹಿಡಿದುಕೊಂಡು ಹೋಗುವವರು ಬರುತ್ತಾರೆ. ಬೇಡವೆಂದು ಎದ್ದೆವು. ಆದರೆ ಮಿತ್ರರು ನಮಗೆ ಹೇಳದೆ ಮುಂಚೆಯೇ ಹತ್ತು ಸಾವಿರ ರೂಪಾಯಿ ಮುಂಗಡ ಕಳಿಸಿಬಿಟ್ಟಿದ್ದರು. ರಸೀದಿ ಇಲ್ಲ, ಹಣವೂ ಹಿಂದಕ್ಕೆ ಬರಲಿಲ್ಲ. ಅದು ಗಿರಣಿಯ ಬೋನಸ್ಸಿನ ಹಣ.

ಕೊಳ್ಳುವವನಷ್ಟೇ ಅಲ್ಲ, ಮಾರುವವನೂ ಎಚ್ಚರವಾಗಿರಬೇಕು. ನಮ್ಮ ಊರಿನ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಕಾರನ್ನು ಮಾರಿ, ಖಾಲಿ ನಮೂನೆಗಳಿಗೆ ಸಹಿ ಹಾಕಿಕೊಟ್ಟು ನೆಮ್ಮದಿಯಾಗಿದ್ದರು. ಗಾಡಿ ಕೈಯಿಂದ ಕೈಗೆ ಹೋಯಿತು. ದಾಖಲೆಯಲ್ಲಿ ಹೆಸರು ಮಾತ್ರ ಇವರದೇ ಉಳಿಯಿತು. ಒಂದು ದಿನ ಅಪಘಾತದ ಪರಿಹಾರದ ನೋಟೀಸು ಇವರ ಅಂಗಡಿಗೇ ಬಂತು. ಇದು ಅನ್ಯಾಯವೆಂದು ತೋರಬಹುದು, ಆದರೆ ಕಾನೂನು ಹಾಗೆಯೇ ಇದೆ. ಮೂರು ನಾಲ್ಕು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಆದುದರಿಂದ ಬಂಧುಗಳು ಇದನ್ನು ಬರೆದಿಟ್ಟುಕೊಳ್ಳಲಿ. ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ರಾಜ್ಯದೊಳಗೆ ಮಾರಿದವನು ೧೪ ದಿನಗಳೊಳಗೆ, ಕೊಂಡವನು ೩೦ ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಅದಕ್ಕಾಗಿ ಇರುವುದೇ ನಮೂನೆ ೨೯ ಮತ್ತು ೩೦. ಖಾಲಿ ನಮೂನೆಗೆ ಸಹಿ ಹಾಕುವುದೂ ಖಾಲಿ ಚೆಕ್ಕಿಗೆ ಸಹಿ ಹಾಕುವುದೂ ಒಂದೇ. ವಿಮೆಯನ್ನು ಹೊಸ ಹೆಸರಿಗೆ ಮಾಡಿಸಲು ೧೪ ದಿನ. ಮಾಡಿಸದಿದ್ದರೆ ಎದುರಿನವನಿಗಾದ ನಷ್ಟಕ್ಕೆ ರಕ್ಷಣೆ ಉಂಟು. ನಿಮ್ಮ ಗಾಡಿಗಾದ ನಷ್ಟಕ್ಕೆ ಕಂಪನಿ ಕೈಯೆತ್ತುತ್ತದೆ. ಹಳೆಯ ದಂಡಗಳು ಬಾಕಿ ಇವೆಯೇ ನೋಡಿ, ಮಾರುವವನಿಂದಲೇ ಕಟ್ಟಿಸಿ. ಹಳೆಯ ಫಾಸ್ಟ್ಯಾಗನ್ನು ಅವನಿಂದಲೇ ಮುಚ್ಚಿಸಿ. ಗಾಡಿ ಮಾರುವ ಅಂಗಡಿಗಳು ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ ೨೦೨೩ರ ಏಪ್ರಿಲ್ ಒಂದರಿಂದ ಜಾರಿಯಲ್ಲಿದೆ. ಅಂಗಡಿಗೆ ಕಾಲಿಟ್ಟೊಡನೆ ಆ ಪತ್ರ ತೋರಿಸೆಂದು ಕೇಳಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ಹೊಸ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕಲ್ಲವೇ? ಚೌಕಾಸಿ ಮಾಡಲು ಸಂಕೋಚವೇಕೆ?

ನಮ್ಮ ಮಿತ್ರರು ಕೊನೆಗೆ ಕೊಂಡದ್ದು ನಮ್ಮ ಜಿಲ್ಲೆಯದೇ ೨೦೧೪ರ ಒಂದು ಪೆಟ್ರೋಲ್ ಕಾರು. ನಿವೃತ್ತ ಗುಮಾಸ್ತರೊಬ್ಬರಿಂದ, ದಲ್ಲಾಳಿಯಿಲ್ಲದೆ. ಅದರ ನೋಂದಣಿ ಹದಿನೈದು ವರ್ಷಕ್ಕೆ, ಅಂದರೆ ೨೦೨೯ಕ್ಕೆ ಮುಗಿಯುತ್ತದೆ. ಆಮೇಲೆ ನವೀಕರಿಸುವ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿದೆ ಎಂಬುದನ್ನೂ ಬೆಲೆ ಮಾತಾಡುವಾಗ ಲೆಕ್ಕಕ್ಕೆ ಹಿಡಿದರು. ಹೆಸರು ಒಬ್ಬರದು; ಇಬ್ಬರ ಪಾಲು, ಖರ್ಚು, ಸರದಿ ಎಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆದುಕೊಂಡರು. ಕೈಯಲ್ಲಿದ್ದ ಹಣವನ್ನೆಲ್ಲ ಬೆಲೆಗೇ ಸುರಿಯದೆ ಟೈರು, ಬ್ಯಾಟರಿ, ಬ್ರೇಕಿಗೆಂದು ಐದರಲ್ಲಿ ಒಂದು ಪಾಲು ಉಳಿಸಿಕೊಂಡರು. "ಪೆಟ್ರೋಲ್ ದುಡ್ಡು ಕೊಡ್ತೀವಿ, ನಮ್ಮನ್ನೂ ಕರ್ಕೊಂಡು ಹೋಗ್ರಿ" ಎಂದು ಬೀದಿಯವರು ಕೇಳತೊಡಗಿದಾಗ ನಾವು ಎಚ್ಚರಿಸಬೇಕಾಯಿತು: ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಿದರೆ ಅದು ಕಾನೂನು ಮೀರಿದಂತೆ, ಅಪಘಾತವಾದರೆ ವಿಮೆಯ ಹಣಕ್ಕೂ ಕುತ್ತು.

ಇನ್ನು ಬೆಂಗಳೂರಿನೊಳಗೆ ಓಡಿಸುವ ಮಾತು. ಒಂದು ಕೋಟಿಗೂ ಹೆಚ್ಚು ವಾಹನಗಳ ಊರು ಅದು. ೨೦೨೪ರ ಟಾಮ್‌ಟಾಮ್ ಲೆಕ್ಕದಂತೆ ಅಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ ೩೪ ನಿಮಿಷ. ಮೊದಲ ಸಲ ಅಂಗಡಿಯ ಮಿತ್ರರು ಹುರುಪಿನಿಂದ ನೇರ ಚಿಕ್ಕಪೇಟೆಗೇ ಕಾರು ಬಿಟ್ಟರು. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಕ್ಲಚ್ಚು ತುಳಿದು ಕಾಲು ಸೋತಿತು, ಚಿಕ್ಕಪೇಟೆಯಲ್ಲಿ ಗಾಡಿ ನಿಲ್ಲಿಸಲು ಅಂಗೈಯಗಲ ಜಾಗ ಸಿಗಲಿಲ್ಲ, ಗೊತ್ತಿಲ್ಲದೆ ಒಮ್ಮುಖ ರಸ್ತೆಗೆ ನುಗ್ಗಿದ್ದಕ್ಕೆ ವಾರದೊಳಗೆ ಮೊಬೈಲಿಗೆ ದಂಡದ ಸಂದೇಶ ಬಂತು. ಅಲ್ಲಿ ಪೋಲೀಸರಿಲ್ಲದ ಕಡೆಯೂ ಕ್ಯಾಮರಾ ಇರುತ್ತದೆ.

ಎರಡನೆಯ ಸಲ ಅವರು ಬುದ್ಧಿವಂತರಾದರು. ತುಮಕೂರು ರಸ್ತೆಯಲ್ಲೇ ನಾಗಸಂದ್ರದ ಮೆಟ್ರೋ ನಿಲ್ದಾಣದಲ್ಲಿ ಗಾಡಿ ಬಿಟ್ಟು ಹಸಿರು ಮಾರ್ಗದ ರೈಲು ಹತ್ತಿದರು. ಅದೇ ರೈಲು ಮೆಜೆಸ್ಟಿಕ್ಕಿಗೂ ಹೋಗುತ್ತದೆ, ಚಿಕ್ಕಪೇಟೆಗೂ ಹೋಗುತ್ತದೆ. ೨೦೨೪ರ ನವೆಂಬರಿನಿಂದ ಇನ್ನೂ ಈಚೆಗೆ, ಮಾದಾವರದವರೆಗೂ ಬಂದಿದೆ. ದೊಡ್ಡ ಊರಿನಲ್ಲಿ ಕಾರು ಓಡಿಸುವ ಅತ್ಯುತ್ತಮ ವಿಧಾನವೆಂದರೆ ಅದನ್ನು ಊರ ಬಾಗಿಲಲ್ಲೇ ನಿಲ್ಲಿಸುವುದು. ತಾಯಿಯನ್ನು ಕರೆದೊಯ್ಯುವ ದಿನ ಮಾತ್ರ ಕಾರು ಆಸ್ಪತ್ರೆಯ ಬಾಗಿಲಿಗೇ ಹೋಗುತ್ತದೆ. ರಾತ್ರಿ ಎರಡಕ್ಕೆ ಹೊರಟು ದಟ್ಟಣೆಗೆ ಮುಂಚೆ ಊರು ಹೊಗುತ್ತಾರೆ. ಹೊಸಬರಿಗೆ ಇಷ್ಟು ಸಾಕು: ಮೇಲ್ಸೇತುವೆ ಬರುವ ಮೊದಲೇ ನಿಮ್ಮ ಸಾಲು ಹಿಡಿಯಿರಿ. ದಾರಿ ತಪ್ಪಿದರೆ ಹಿಂದಕ್ಕೆ ಬರಬೇಡಿ, ಮುಂದೆ ಹೋಗಿ ತಿರುಗಿ. ಎಡಕ್ಕೆ ತಿರುಗುವ ಮುನ್ನ ಕನ್ನಡಿ ನೋಡಿ. ಅಲ್ಲೊಬ್ಬ ಸ್ಕೂಟರಿನವನು ಇದ್ದೇ ಇರುತ್ತಾನೆ. ರಸ್ತೆ ದಾಟುವವನಿಗೆ ದಾರಿ ಬಿಡಿ. ನಿನ್ನೆಯವರೆಗೆ ಅವನ ಜಾಗದಲ್ಲಿ ಇದ್ದವರು ನೀವೇ.

ಇಷ್ಟನ್ನೆಲ್ಲ ಹೇಳಿ ಸುಮ್ಮನಾದರೆ ನಾವು ದಲ್ಲಾಳಿಗಿಂತ ಸ್ವಲ್ಪ ಒಳ್ಳೆಯ ದಲ್ಲಾಳಿಗಳಾದೇವು, ಅಷ್ಟೆ. ಮೂಲ ಪ್ರಶ್ನೆ ಬೇರೆ. ೨೦೨೩ರ ಜೂನಿನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಈ ತಾಯಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಕಾಸಿಲ್ಲ. ಅದು ಒಳ್ಳೆಯ ಕೆಲಸವೆಂದು ನಾವು ಒಪ್ಪುತ್ತೇವೆ. ಇತ್ತ ಪೆಟ್ರೋಲು ಲೀಟರಿಗೆ ಮತ್ತೆ ನೂರು ರೂಪಾಯಿ ದಾಟಿದ್ದು ೨೦೨೪ರ ಜೂನಿನ ತೆರಿಗೆ ಏರಿಕೆಯಿಂದ. ಹೋಗಿಬರಲು ಮೂವತ್ತಕ್ಕೂ ಮಿಕ್ಕಿ ಲೀಟರು, ಜೊತೆಗೆ ಟೋಲು. ಪುಕ್ಕಟೆ ಬಸ್ಸು ಬಿಟ್ಟು ಒಬ್ಬ ಕಾರ್ಮಿಕ ಒಂದು ಪ್ರಯಾಣಕ್ಕೆ ಮೂರು ಸಾವಿರಕ್ಕೂ ಹೆಚ್ಚು ಸುಡುತ್ತಾನೆಂದರೆ, ಅವನಿಗೆ ಬೇಕಾದದ್ದು ಅಗ್ಗದ ಟಿಕೆಟ್ಟು ಮಾತ್ರವಲ್ಲ. ಕಾಯಿಲೆಯವರು ಮಲಗಿ ಬರಬಹುದಾದ ಒಂದು ಸೀಟು, ಮಾನವಾಗಿ ಇಳಿದು ಹತ್ತಬಹುದಾದ ಒಂದು ವ್ಯವಸ್ಥೆ.

ಹಣವಿಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಬೆಂಗಳೂರಿನ ಉಪನಗರ ರೈಲಿಗೆ ೨೦೨೦ರಲ್ಲಿ ಒಪ್ಪಿಗೆ ಸಿಕ್ಕಾಗ ೧೪೮ ಕಿಲೋಮೀಟರಿಗೆ ಹಾಕಿದ ಅಂದಾಜು ೧೫,೭೬೭ ಕೋಟಿ ರೂಪಾಯಿ. ೨೦೨೨ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು; ಆ ರೈಲು ಇನ್ನೂ ಒಬ್ಬ ಪ್ರಯಾಣಿಕನನ್ನೂ ಹೊತ್ತಿಲ್ಲ. ಅದೇ ಊರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಕೊರೆಯಲು ಯೋಜಿಸಿರುವ ಸುರಂಗ ರಸ್ತೆ ಸುಮಾರು ೧೭ ಕಿಲೋಮೀಟರು; ಅಂದಾಜು ವೆಚ್ಚ ಹದಿನೇಳು ಸಾವಿರ ಕೋಟಿಗೂ ಹೆಚ್ಚು. ಅದರಲ್ಲಿ ದ್ವಿಚಕ್ರದವನಿಗೆ ಪ್ರವೇಶವಿಲ್ಲ, ಕಾರಿನವನಿಗೆ ಟೋಲು. ಸಾವಿರ ಕೋಟಿಗೂ ಮಿಕ್ಕಿ ಹೆಚ್ಚು ಕೊಟ್ಟು ಒಂಬತ್ತರಲ್ಲಿ ಒಂದು ಪಾಲಿನಷ್ಟು ದೂರ, ಅದೂ ಕೆಲವರಿಗೆ! ಇದು ಯಾರ ಲೆಕ್ಕ? ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಹೊಲ ಯಾರದೆಂದು ಕೇಳಿದರು. ರಸ್ತೆ ಯಾರದೆಂದು ಕೇಳುವ ಸರದಿ ಈಗ ನಮ್ಮದು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಅಧಿಕಾರ ಪತ್ರ ಪಡೆದ ಹಳೆಯ ಗಾಡಿಗಳ ವ್ಯಾಪಾರಿಗಳ ಪಟ್ಟಿಯನ್ನು ಪ್ರತಿ ಸಾರಿಗೆ ಕಚೇರಿಯ ಬಾಗಿಲಲ್ಲೂ ಕನ್ನಡದಲ್ಲಿ ಬರೆದು ಹಾಕಬೇಕು; ರಸೀದಿಯಿಲ್ಲದೆ ಮುಂಗಡ ಪಡೆಯುವವನ ಮೇಲೆ ಕ್ರಮ ಜರುಗಿಸಬೇಕು. ಬೆಂಗಳೂರಿನ ಹೊರಬಾಗಿಲುಗಳ ಮೆಟ್ರೋ ನಿಲ್ದಾಣಗಳಲ್ಲಿ ಹೊರಜಿಲ್ಲೆಯ ಗಾಡಿಗಳಿಗೆ ಕಡಿಮೆ ದರದ ವಿಶಾಲ ನಿಲುಗಡೆ ಬೇಕು. ಜಿಲ್ಲಾ ಕೇಂದ್ರದಿಂದ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಿಗೆ ನೇರ ಬಸ್ಸು, ಕಾಯಿಲೆಯವರಿಗೆ ಮೀಸಲು ಸೀಟು ಬೇಕು. ಎಲ್ಲಕ್ಕಿಂತ ಮೊದಲು, ಆ ತಾಯಿಗೆ ಏರಿಸುವ ಔಷಧಿಯನ್ನು ನಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಏರಿಸುವ ಏರ್ಪಾಡಾಗಬೇಕು. ಅದೊಂದು ಆದರೆ ೫೨೦ ಕಿಲೋಮೀಟರಿನ ಪ್ರಯಾಣವೇ ಬೇಡ.

ಮೊನ್ನೆ ಮಿತ್ರರೊಡನೆ ನಾವೂ ಆ ಕಾರಿನಲ್ಲಿ ಹೋಗಿಬಂದೆವು. ಹಿಂದಿನ ಸೀಟಿನಲ್ಲಿ ತಾಯಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಸಿರಾ ದಾಟಿದ ಮೇಲೆ ಒಮ್ಮೆ ಗಾಡಿ ನಿಲ್ಲಿಸಿ ಮುಖ ತೊಳೆಸಿದರು. ಎದ್ದು ಹೋಗುವವರು ಯಾರೂ ಇರಲಿಲ್ಲ. ಭಾಷಣ ಮಾಡುವ ಸರದಿ ಬಂದರೂ ನಾವು ಮಾಡಲಿಲ್ಲ. ಬರುವ ಭಾನುವಾರ ಸಂಜೆ ಕಚೇರಿಯಲ್ಲಿ ಈ ಬೇಡಿಕೆಗಳ ಮನವಿಗೆ ಸಹಿ ಸಂಗ್ರಹ ಪ್ರಾರಂಭವಾಗುತ್ತದೆ. ಕಾರಿದ್ದವರೂ ಬರಲಿ, ಬಸ್ಸಿಗೆ ಕಾಯುವವರೂ ಬರಲಿ.